ಅಡ್ರಿನಲ್ ತಿರುಳಿನ ನರಪ್ರೇರಿತ ಸ್ರವಿಕೆ

ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳ ಒಳಭಾಗವು ಅನುವೇದನಾ ನರಗಳ ಪ್ರಚೋದನೆಗೆ ಒಳಗಾಗಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಹಾರ್ಮೋನುಗಳನ್ನೂ ಅವುಗಳ ಜೊತೆಗೆ ಹಲವು ಪೆಪ್ಟೈಡ್‌ಗಳನ್ನೂ ರಕ್ತಕ್ಕೆ ಬಿಡುಗಡೆ ಮಾಡುವ ಕ್ರಿಯೆಯೇ ಅಡ್ರಿನಲ್ ತಿರುಳಿನ ನರಪ್ರೇರಿತ ಸ್ರವಿಕೆ. ದೇಹದ ಬಹುಪಾಲು ನಿರ್ನಾಳ ಗ್ರಂಥಿಗಳು ರಕ್ತದಲ್ಲಿ ಬರುವ ರಾಸಾಯನಿಕ ಸಂದೇಶಗಳಿಗೆ ಓಗೊಡುತ್ತವೆ. ಅಡ್ರಿನಲ್ ತಿರುಳಿಗೆ ಆಜ್ಞೆ ನೇರವಾಗಿ ನರದ ಮೂಲಕವೇ ಬರುತ್ತದೆ. ಹೀಗಾಗಿ ಭಯ, ರಕ್ತಸ್ರಾವ, ಚಳಿ, ರಕ್ತದ ಸಕ್ಕರೆಯ ಕುಸಿತ ಮುಂತಾದ ಸಂದರ್ಭಗಳಲ್ಲಿ ಅದು ಕೆಲವೇ ಸೆಕೆಂಡುಗಳಲ್ಲಿ ಪ್ರತಿಕ್ರಿಯಿಸಬಲ್ಲದು. ನರದ ಆವೇಗಗಳು ಎಷ್ಟು ಬರುತ್ತವೆ ಎಂಬುದಷ್ಟೇ ಅಲ್ಲ, ಯಾವ ಲಯದಲ್ಲಿ ಬರುತ್ತವೆ ಎಂಬುದೂ ಹೊರಬೀಳುವ ವಸ್ತುಗಳನ್ನು ನಿರ್ಧರಿಸುತ್ತದೆ. ಈ ವಿಷಯದಲ್ಲಿ ಕಳೆದ ನಾಲ್ಕು ದಶಕಗಳ ಮುಖ್ಯ ತಿಳಿವು ಇದು.

ಈ ಲೇಖನದಲ್ಲಿ ಗ್ರಂಥಿಯ ಹೊರಭಾಗವನ್ನು ತೊಗಟೆ ಎಂದೂ ಒಳಭಾಗವನ್ನು ತಿರುಳು ಎಂದೂ ಕರೆದಿದೆ. ಅಡ್ರಿನಲಿನ್, ನಾರ್‌ಅಡ್ರಿನಲಿನ್, ಡೋಪಮೈನ್ ಮೂರಕ್ಕೂ ಸೇರಿ ಕೆಟೆಕೋಲಮೈನ್‌ಗಳು ಎಂಬ ಹೆಸರಿದೆ.

ರಚನೆ ಮತ್ತು ಮೂಲ

ವಯಸ್ಕರಲ್ಲಿ ಒಂದೊಂದು ಅಡ್ರಿನಲ್ ಗ್ರಂಥಿಯೂ ಸುಮಾರು 4ರಿಂದ 5 ಗ್ರಾಂ ತೂಗುತ್ತದೆ. ಬಲಗಡೆಯದು ಮುಕ್ಕೋನಾಕಾರ, ಎಡಗಡೆಯದು ಅರ್ಧಚಂದ್ರಾಕಾರ. ಗ್ರಂಥಿಯ ಬಹುಭಾಗ ತೊಗಟೆಯೇ. ತಿರುಳಿನ ಪಾಲು ಸುಮಾರು ಹತ್ತರಲ್ಲೊಂದು. ತೊಗಟೆಯು ಭ್ರೂಣದ ನಡುಪದರದಿಂದ ಹುಟ್ಟಿ ಕಾರ್ಟಿಸಾಲ್, ಆಲ್ಡೊಸ್ಟೆರೋನ್ ಮುಂತಾದ ಸ್ಟೀರಾಯ್ಡ್‌ಗಳನ್ನು ತಯಾರಿಸುತ್ತದೆ. ತಿರುಳಿನ ಮೂಲವೇ ಬೇರೆ. ನರವ್ಯೂಹದ ಭಾಗಗಳನ್ನು ರೂಪಿಸುವ ನ್ಯೂರಲ್ ಕ್ರೆಸ್ಟ್ ಎಂಬ ಜೀವಕೋಶ ಸಮೂಹದಿಂದ ಅದು ಬರುತ್ತದೆ. ಈ ಜೀವಕೋಶಗಳಲ್ಲಿ ಹೆಚ್ಚಿನವು ಬೆಳೆಯುತ್ತಿರುವ ನರಗಳ ಗುಂಟ ಸಾಗುವ ಶ್ವಾನ್ ಕೋಶಗಳ ಪೂರ್ವರೂಪಗಳಿಂದ ಹುಟ್ಟುತ್ತವೆ ಎಂಬುದನ್ನು ಇಲಿಗಳ ಅಧ್ಯಯನವೊಂದು 2017ರಲ್ಲಿ ತೋರಿಸಿತು. ಮುಂದೆ ತನ್ನನ್ನು ಆಳಲಿರುವ ನರದ ಹಾದಿಯಲ್ಲೇ ತಿರುಳು ಮೈತಳೆಯುತ್ತದೆ.

ತಿರುಳಿನ ಸ್ರವಿಕಾ ಕೋಶಗಳಿಗೆ ಕ್ರೋಮಾಫಿನ್ ಕೋಶಗಳೆಂದು ಹೆಸರು. ಕ್ರೋಮಿಯಂ ಲವಣಗಳು ತಗುಲಿದಾಗ ಅವು ಕಂದುಬಣ್ಣಕ್ಕೆ ತಿರುಗುವುದನ್ನು ನೋಡಿ ಆಲ್ಫ್ರೆಡ್ ಕೋನ್ 1902ರಲ್ಲಿ ಈ ಹೆಸರಿಟ್ಟ. ಇವುಗಳಲ್ಲಿ ಕೆಲವು ಅಡ್ರಿನಲಿನ್ನನ್ನೂ ಕೆಲವು ನಾರ್‌ಅಡ್ರಿನಲಿನ್ನನ್ನೂ ಪ್ರಧಾನವಾಗಿ ಕೂಡಿಡುತ್ತವೆ. ಮನುಷ್ಯನ ತಿರುಳಿನಲ್ಲಿ ಅಡ್ರಿನಲಿನ್ನಿನ ಪಾಲು ಸುಮಾರು ಶೇ. 80. ಹಸುವಿನಲ್ಲಿ ಅಡ್ರಿನಲಿನ್ ಕೋಶಗಳು ತೊಗಟೆಗೆ ಹತ್ತಿರವಾಗಿಯೂ ನಾರ್‌ಅಡ್ರಿನಲಿನ್ ಕೋಶಗಳು ನಡುವಿನಲ್ಲಿಯೂ ಇರುತ್ತವೆ. ಈ ಜೋಡಣೆಗೆ ಕಾರಣವಿದೆ. ತೊಗಟೆಯನ್ನು ಹಾದು ಬರುವ ರಕ್ತದಲ್ಲಿ ಕಾರ್ಟಿಸಾಲ್ ಬಹಳ ಸಾಂದ್ರವಾಗಿರುತ್ತದೆ. ನಾರ್‌ಅಡ್ರಿನಲಿನ್ನನ್ನು ಅಡ್ರಿನಲಿನ್ನಾಗಿ ಮಾರ್ಪಡಿಸುವ ಕಿಣ್ವದ ತಯಾರಿಕೆಗೆ ಆ ಕಾರ್ಟಿಸಾಲ್ ಅಗತ್ಯ. ಎರಡು ಭಿನ್ನ ಮೂಲದ ಅಂಗಗಳು ಒಂದೇ ಕವಚದೊಳಗೆ ಇರುವುದರ ಪ್ರಯೋಜನ ಇಲ್ಲಿ ಸ್ಪಷ್ಟವಾಗುತ್ತದೆ.

ಇತಿಹಾಸ

ಇಟಲಿಯ ಅಂಗರಚನಾಶಾಸ್ತ್ರಜ್ಞ ಬಾರ್ತೊಲೊಮಿಯೊ ಯುಸ್ಟಾಕಿ 16ನೆಯ ಶತಮಾನದಲ್ಲಿ ಈ ಗ್ರಂಥಿಗಳನ್ನು ವರ್ಣಿಸಿದ. ಅವುಗಳ ಕೆಲಸವೇನೆಂಬುದು ಮುಂದಿನ ಮುನ್ನೂರು ವರ್ಷ ತಿಳಿಯಲಿಲ್ಲ. 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಗ್ರಂಥಿ ಹಾಳಾದಾಗ ಬರುವ ರೋಗವನ್ನು ವಿವರಿಸಿದ. ಮರುವರ್ಷ ಪ್ಯಾರಿಸ್ಸಿನ ಆಲ್ಫ್ರೆಡ್ ವುಲ್ಪಿಯನ್, ಫೆರಿಕ್ ಕ್ಲೋರೈಡ್ ಹಾಕಿದರೆ ತಿರುಳು ಹಸಿರಾಗುತ್ತದೆ, ತೊಗಟೆ ಆಗುವುದಿಲ್ಲ ಎಂಬುದನ್ನು ಕಂಡ. ಗ್ರಂಥಿಯಿಂದ ಹೊರಬರುವ ಸಿರೆಯ ರಕ್ತವೂ ಅದೇ ಬಣ್ಣ ಕೊಟ್ಟಿತು. ಗ್ರಂಥಿಯೊಂದು ತನ್ನ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ ಎಂಬುದಕ್ಕೆ ದೊರೆತ ಅತಿ ಹಳೆಯ ರಾಸಾಯನಿಕ ಸಾಕ್ಷ್ಯಗಳಲ್ಲಿ ಇದೊಂದು.

1894-95ರಲ್ಲಿ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಗ್ರಂಥಿಯ ಸಾರವು ರಕ್ತದೊತ್ತಡವನ್ನು ತೀವ್ರವಾಗಿ ಏರಿಸುವುದನ್ನು ತೋರಿಸಿದರು. ಜಪಾನಿನ ಜೊಕಿಚಿ ತಕಾಮಿನೆ ಅಮೆರಿಕದಲ್ಲಿದ್ದಾಗ ಅಡ್ರಿನಲಿನ್ನನ್ನು ಹರಳುರೂಪದಲ್ಲಿ ಬೇರ್ಪಡಿಸಿ 1901ರಲ್ಲಿ ಪ್ರಕಟಿಸಿದ. 1904ರಲ್ಲಿ ಜರ್ಮನಿಯ ಫ್ರೀಡ್ರಿಶ್ ಸ್ಟೋಲ್ಜ್ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದ. ನರದ ಪಾತ್ರ ಈ ಹೊತ್ತಿಗಾಗಲೇ ತಿಳಿದಿತ್ತು. 1899ರಲ್ಲಿ ಜಾರ್ಜ್ ಡ್ರೇಯರ್ ಗ್ರಂಥಿಗೆ ನರತಂತುಗಳನ್ನು ಒಯ್ಯುವ ಸ್ಪ್ಲಾಂಕ್ನಿಕ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಅಡ್ರಿನಲ್ ಸಿರೆಯ ರಕ್ತದಲ್ಲಿ ಒತ್ತಡ ಏರಿಸುವ ವಸ್ತು ಹೆಚ್ಚಾಗುವುದನ್ನು ತೋರಿಸಿದ್ದ. ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1911ರಿಂದ ನಡೆಸಿದ ಪ್ರಯೋಗಗಳು ಭಯ, ಸಿಟ್ಟು, ನೋವುಗಳನ್ನು ಈ ಸ್ರವಿಕೆಗೆ ಜೋಡಿಸಿದವು. ‘ಕಾದಾಡು ಇಲ್ಲವೆ ಓಡು’ ಎಂಬ ಪರಿಕಲ್ಪನೆ ಆ ಕೆಲಸದ ಫಲ.

ನರದ ತುದಿಯಿಂದ ಕ್ರೋಮಾಫಿನ್ ಕೋಶಕ್ಕೆ ಸಂದೇಶ ಒಯ್ಯುವ ವಸ್ತು ಯಾವುದೆಂಬ ಪ್ರಶ್ನೆಗೆ 1934ರಲ್ಲಿ ಉತ್ತರ ಸಿಕ್ಕಿತು. ನಾಜಿ ಆಡಳಿತದಿಂದಾಗಿ ಬರ್ಲಿನ್ನಿನ ಕೆಲಸ ಕಳೆದುಕೊಂಡು ಲಂಡನ್ನಿನ ಹೆನ್ರಿ ಡೇಲ್‌ರ ಪ್ರಯೋಗಾಲಯ ಸೇರಿದ್ದ ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಮತ್ತು ಸಂಗಡಿಗರು ಆ ವಸ್ತು ಅಸಿಟೈಲ್‌ಕೋಲೀನ್ ಎಂದು ತೋರಿಸಿದರು. 1961ರಲ್ಲಿ ವಿಲಿಯಂ ಡಗ್ಲಸ್ ಮತ್ತು ರೊನಾಲ್ಡ್ ರೂಬಿನ್ ಬೆಕ್ಕಿನ ಅಡ್ರಿನಲ್ ಮೂಲಕ ಲವಣ ದ್ರಾವಣ ಹರಿಸಿ, ಆ ದ್ರಾವಣದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಅಸಿಟೈಲ್‌ಕೋಲೀನ್ ಕೊಟ್ಟರೂ ಸ್ರವಿಕೆ ಆಗುವುದಿಲ್ಲ ಎಂಬುದನ್ನು ಸಾಬೀತುಪಡಿಸಿದರು. ಪ್ರಚೋದನೆ ಮತ್ತು ಸ್ರವಿಕೆಗಳ ನಡುವಿನ ಕೊಂಡಿ ಕ್ಯಾಲ್ಸಿಯಂ ಎಂಬ ಮಾತು ಆಮೇಲೆ ದೇಹದ ಬಹುತೇಕ ಸ್ರವಿಕಾ ಕೋಶಗಳಿಗೂ ಅನ್ವಯಿಸಿತು.

ನರಸಂಪರ್ಕ

ಸಾಮಾನ್ಯ ಅನುವೇದನಾ ನರಮಾರ್ಗದಲ್ಲಿ ಎರಡು ನರಕೋಶಗಳಿರುತ್ತವೆ. ಮೊದಲನೆಯದು ಮಿದುಳುಬಳ್ಳಿಯಿಂದ ಹೊರಟು ನರಗಂಟಿನಲ್ಲಿ ಕೊನೆಗೊಳ್ಳುತ್ತದೆ. ಎರಡನೆಯದು ಅಲ್ಲಿಂದ ಅಂಗಕ್ಕೆ ಹೋಗುತ್ತದೆ. ಅಡ್ರಿನಲ್ ತಿರುಳಿಗೆ ಬರುವ ನರತಂತುಗಳು ಮಿದುಳುಬಳ್ಳಿಯ ಎದೆಭಾಗದಲ್ಲಿ ಹುಟ್ಟಿ, ಸ್ಪ್ಲಾಂಕ್ನಿಕ್ ನರಗಳ ಮೂಲಕ ಸಾಗಿ, ನಡುವೆ ಎಲ್ಲಿಯೂ ನಿಲ್ಲದೆ ಕ್ರೋಮಾಫಿನ್ ಕೋಶಗಳ ಮೇಲೆಯೇ ಮುಗಿಯುತ್ತವೆ. ಹಾಗಾಗಿ ಕ್ರೋಮಾಫಿನ್ ಕೋಶವು ತಂತು ಚಾಚದ, ತನ್ನ ರಸವನ್ನು ರಕ್ತಕ್ಕೆ ಬಿಡುವ ಎರಡನೆಯ ನರಕೋಶವೇ ಆಗಿದೆ. ಈ ತಂತುಗಳಿಗೆ ಆಜ್ಞೆ ಮಿದುಳಿನ ಹೈಪೊಥಲಾಮಸ್ ಮತ್ತು ಮಿದುಳುಕಾಂಡದ ಕೇಂದ್ರಗಳಿಂದ ಬರುತ್ತದೆ. ಅಡ್ರಿನಲಿನ್ ಕೋಶಗಳಿಗೂ ನಾರ್‌ಅಡ್ರಿನಲಿನ್ ಕೋಶಗಳಿಗೂ ಬೇರೆ ಬೇರೆ ತಂತುಗಳಿವೆ. ರಕ್ತದ ಸಕ್ಕರೆ ಕುಸಿದಾಗ ಮುಖ್ಯವಾಗಿ ಅಡ್ರಿನಲಿನ್ನೇ ಹೊರಬೀಳುವುದು ಇದರಿಂದ.

ನರದ ತುದಿಯಲ್ಲಿ ಅಸಿಟೈಲ್‌ಕೋಲೀನ್ ಒಂದೇ ಇರುವುದಿಲ್ಲ. 1989ರಲ್ಲಿ ಕುರಿಯ ಹೈಪೊಥಲಾಮಸ್‌ನಿಂದ ಬೇರ್ಪಡಿಸಲಾದ ಪಾಕಾಪ್ ಎಂಬ ಪೆಪ್ಟೈಡ್ ಕೂಡ ಈ ತುದಿಗಳಿಂದ ಹೊರಬರುತ್ತದೆ. ಈ ಪೆಪ್ಟೈಡ್ ಇಲ್ಲದಂತೆ ಮಾರ್ಪಡಿಸಿದ ಇಲಿಗಳು ಇನ್ಸುಲಿನ್ನಿನಿಂದ ಸಕ್ಕರೆ ಕುಸಿದಾಗ ಅಡ್ರಿನಲಿನ್ ಸ್ರವಿಕೆಯನ್ನು ಮುಂದುವರಿಸಲಾರದೆ ಹೋದವು ಎಂದು 2002ರ ಒಂದು ಅಧ್ಯಯನ ತೋರಿಸಿತು. ದೈನಂದಿನ ಮಂದಗತಿಯ ಸ್ರವಿಕೆಯನ್ನು ಅಸಿಟೈಲ್‌ಕೋಲೀನ್ ನಡೆಸುತ್ತದೆ. ಆಪತ್ತಿನಲ್ಲಿ ದೀರ್ಘಕಾಲ ನಡೆಯುವ ಸ್ರವಿಕೆಗೆ ಪಾಕಾಪ್ ಬೇಕು.

ಕ್ರೋಮಾಫಿನ್ ಕಣ

ಸ್ರವಿಸಬೇಕಾದ ವಸ್ತುಗಳೆಲ್ಲ ಕೋಶದೊಳಗೆ ಪೊರೆಯಿಂದ ಸುತ್ತುವರಿದ ಸೂಕ್ಷ್ಮ ಕಣಗಳಲ್ಲಿ ಇರುತ್ತವೆ. ಹಸುವಿನ ಒಂದು ಕ್ರೋಮಾಫಿನ್ ಕೋಶದಲ್ಲಿ ಇಂಥ ಕಣಗಳು ಸುಮಾರು 20,000. ಪ್ರತಿ ಕಣದ ವ್ಯಾಸ ಒಂದು ಮಿಲಿಮೀಟರಿನ ಕೆಲವು ಹತ್ತುಸಾವಿರದ ಒಂದಂಶ. ಅದರೊಳಗೆ ಕೆಟೆಕೋಲಮೈನ್ ಅಣುಗಳು ದಶಲಕ್ಷಗಳ ಲೆಕ್ಕದಲ್ಲಿರುತ್ತವೆ. ಇವುಗಳ ಜೊತೆ ಎಟಿಪಿ, ಕ್ಯಾಲ್ಸಿಯಂ, ವಿಟಮಿನ್ ಸಿ, ಕ್ರೋಮೊಗ್ರಾನಿನ್ ಎಂಬ ಪ್ರೋಟೀನುಗಳು, ಎನ್‌ಕೆಫಾಲಿನ್‌ಗಳು, ನ್ಯೂರೊಪೆಪ್ಟೈಡ್ ವೈ ಮೊದಲಾದವು ಸೇರಿವೆ. ಇಷ್ಟು ಸಾಂದ್ರವಾದ ದ್ರಾವಣ ಬಿಡಿಬಿಡಿಯಾಗಿದ್ದರೆ ಕಣ ನೀರು ಹೀರಿ ಒಡೆಯಬೇಕಾಗಿತ್ತು. ಕ್ರೋಮೊಗ್ರಾನಿನ್‌ಗಳೂ ಎಟಿಪಿಯೂ ಕೆಟೆಕೋಲಮೈನ್‌ಗಳನ್ನು ಹಿಡಿದಿಟ್ಟು ಗಟ್ಟಿ ಉಂಡೆಯಂತಾಗಿಸುವುದರಿಂದ ಕಣ ಉಳಿಯುತ್ತದೆ.

ಕೆಟೆಕೋಲಮೈನ್‌ಗಳ ತಯಾರಿಕೆ ಟೈರೋಸಿನ್ ಎಂಬ ಅಮೈನೊ ಆಮ್ಲದಿಂದ ಆರಂಭವಾಗುತ್ತದೆ. ಟೈರೋಸಿನ್ ಹೈಡ್ರಾಕ್ಸಿಲೇಸ್ ಕಿಣ್ವ ಅದನ್ನು ಡೋಪಾ ಆಗಿಸುತ್ತದೆ. ಇಡೀ ಸರಣಿಯ ವೇಗವನ್ನು ನಿಗದಿಪಡಿಸುವ ಹಂತ ಇದು. ಡೋಪಾ ಡೋಪಮೈನ್ ಆಗಿ ಕಣದೊಳಕ್ಕೆ ಹೋಗಿ ಅಲ್ಲಿ ನಾರ್‌ಅಡ್ರಿನಲಿನ್ ಆಗುತ್ತದೆ. ಅಡ್ರಿನಲಿನ್ ಕೋಶಗಳಲ್ಲಿ ಅದು ಮತ್ತೆ ಕಣದಿಂದ ಹೊರಬಂದು, ಪಿಎನ್‌ಎಂಟಿ ಎಂಬ ಕಿಣ್ವದಿಂದ ಅಡ್ರಿನಲಿನ್ ಆಗಿ, ಪುನಃ ಕಣವನ್ನು ಸೇರುತ್ತದೆ.

ಪೆಪ್ಟೈಡ್‌ಗಳ ದಾರಿ ಬೇರೆ. ಅವು ವಂಶವಾಹಿಯ ಆದೇಶದಂತೆ ದೊಡ್ಡ ಪ್ರೋಟೀನುಗಳಾಗಿ ತಯಾರಾಗಿ, ಕಣದಲ್ಲಿ ತುಂಡಾಗಿ, ಕ್ರಿಯಾಶೀಲ ರೂಪ ತಾಳುತ್ತವೆ. ಪ್ರೋಎನ್‌ಕೆಫಾಲಿನ್ ಎಂಬ ಒಂದು ಸರಪಳಿಯಲ್ಲಿ ಆರು ಮೆಟ್-ಎನ್‌ಕೆಫಾಲಿನ್ ಭಾಗಗಳೂ ಒಂದು ಲ್ಯೂ-ಎನ್‌ಕೆಫಾಲಿನ್ ಭಾಗವೂ ಅಡಗಿವೆ. ಮಿದುಳಿನ ನೋವುನಿವಾರಕ ಪೆಪ್ಟೈಡ್‌ಗಳ ಈ ಮೂಲ ಪ್ರೋಟೀನಿನ ರಚನೆ 1982ರಲ್ಲಿ ತಿಳಿದದ್ದು ಬಹುಮಟ್ಟಿಗೆ ಹಸುವಿನ ಅಡ್ರಿನಲ್ ತಿರುಳಿನ ಅಧ್ಯಯನದಿಂದ. ಕೆಟೆಕೋಲಮೈನ್ ಖಾಲಿಯಾದ ಕಣವನ್ನು ಕೋಶ ಅಲ್ಲಿಯೇ ಮರುತುಂಬಬಲ್ಲದು. ಪೆಪ್ಟೈಡ್ ಖಾಲಿಯಾದರೆ ಹೊಸ ಕಣವನ್ನೇ ಕಟ್ಟಬೇಕು. ಪೆಪ್ಟೈಡ್‌ಗಳು ಮಿತವಾಗಿ ಬಿಡುಗಡೆಯಾಗುವುದನ್ನು ಅರ್ಥಮಾಡಿಕೊಳ್ಳಲು ಈ ಅಂತರ ಮುಖ್ಯ.

ಸ್ರವಿಕೆಯ ಕ್ರಮ

ನರದ ತುದಿಯಿಂದ ಬಂದ ಅಸಿಟೈಲ್‌ಕೋಲೀನ್ ಕ್ರೋಮಾಫಿನ್ ಕೋಶದ ನಿಕೋಟಿನಿಕ್ ಗ್ರಾಹಿಗಳಿಗೆ ಅಂಟುತ್ತದೆ. ಗ್ರಾಹಿಯ ದ್ವಾರ ತೆರೆದು ಸೋಡಿಯಂ ಒಳನುಗ್ಗಿ ಪೊರೆಯ ವಿದ್ಯುದಂತರ ಇಳಿಯುತ್ತದೆ. ಇದರಿಂದ ಕ್ಯಾಲ್ಸಿಯಂ ದ್ವಾರಗಳು ತೆರೆದುಕೊಳ್ಳುತ್ತವೆ. ಒಳಬಂದ ಕ್ಯಾಲ್ಸಿಯಂ ಕಣದ ಮೇಲಿನ ಸಿನಾಪ್ಟೊಟ್ಯಾಗ್ಮಿನ್ ಪ್ರೋಟೀನನ್ನು ಸೇರುತ್ತದೆ. ಸ್ನೇರ್ ಪ್ರೋಟೀನುಗಳು ಕಣದ ಪೊರೆಯನ್ನೂ ಕೋಶದ ಪೊರೆಯನ್ನೂ ಹತ್ತಿರಕ್ಕೆಳೆದು ಬೆಸೆಯುತ್ತವೆ. ಬೆಸೆದ ಜಾಗದಲ್ಲಿ ಕಿರುರಂಧ್ರವೊಂದು ತೆರೆದು ಕಣದ ವಸ್ತು ಹೊರಗೆ ಬಂದು ಪಕ್ಕದ ಲೋಮನಾಳವನ್ನು ಸೇರುತ್ತದೆ. ನೆರೆಯ ಕ್ರೋಮಾಫಿನ್ ಕೋಶಗಳ ನಡುವೆ ನೇರ ವಿದ್ಯುತ್ ಸಂಪರ್ಕವೂ ಇರುವುದರಿಂದ ಒಂದು ಕೋಶಕ್ಕೆ ಬಂದ ಪ್ರಚೋದನೆ ಪಕ್ಕದ ಕೋಶಕ್ಕೂ ದಾಟಬಲ್ಲದು.

ಈ ಘಟನೆಯನ್ನು ಒಂದೊಂದು ಕಣದ ಮಟ್ಟದಲ್ಲಿ ನೋಡಲು ಎರಡು ವಿಧಾನಗಳಿವೆ. 1982ರಲ್ಲಿ ಎರ್ವಿನ್ ನೇಹರ್ ಮತ್ತು ಅಲೆನ್ ಮಾರ್ಟಿ ಹಸುವಿನ ಕ್ರೋಮಾಫಿನ್ ಕೋಶದ ವಿದ್ಯುತ್ ಧಾರಕತೆಯನ್ನು ಅಳೆದರು. ಪ್ರತಿ ಕಣ ಬೆಸೆದಾಗಲೂ ಕೋಶದ ಮೇಲ್ಮೈ ಕಿಂಚಿತ್ ಹಿಗ್ಗಿ ಧಾರಕತೆ ಒಂದು ಮೆಟ್ಟಿಲು ಏರುತ್ತದೆ. ಕಣ ಮರಳಿ ಒಳಸರಿದರೆ ಮೆಟ್ಟಿಲು ಇಳಿಯುತ್ತದೆ. ಎರಡನೆಯದು 1990ರ ಸುಮಾರಿಗೆ ಮಾರ್ಕ್ ವೈಟ್‌ಮನ್ ಮತ್ತು ಸಂಗಡಿಗರು ಬಳಕೆಗೆ ತಂದ ಆಂಪೆರೊಮೆಟ್ರಿ. ಕೂದಲಿಗಿಂತ ತೆಳ್ಳಗಿನ ಇಂಗಾಲದ ಎಳೆಯೊಂದನ್ನು ಕೋಶಕ್ಕೆ ತಾಗುವಂತೆ ಇಟ್ಟು ಅದಕ್ಕೆ ವಿದ್ಯುದಂತರ ಕೊಡುತ್ತಾರೆ. ಹೊರಬಂದ ಪ್ರತಿ ಕೆಟೆಕೋಲಮೈನ್ ಅಣು ಎಳೆಯ ಮೇಲೆ ಉತ್ಕರ್ಷಣಗೊಂಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಪರದೆಯ ಮೇಲೆ ಮೊದಲು ಪುಟ್ಟ ದಿಬ್ಬದಂಥ ಏರಿಕೆ ಕಾಣುತ್ತದೆ. ಅದು ಕಿರುರಂಧ್ರದಿಂದ ಒಸರುತ್ತಿರುವ ವಸ್ತು. ಮರುಗಳಿಗೆಯಲ್ಲಿ ಚೂಪಾದ ಶಿಖರವೊಂದು ಮೇಲೆದ್ದು ಮಿಲಿಸೆಕೆಂಡುಗಳಲ್ಲಿ ಇಳಿಯುತ್ತದೆ. ಒಂದು ಶಿಖರ ಎಂದರೆ ಒಂದು ಕಣ. ಅದರ ವಿಸ್ತೀರ್ಣದಿಂದ ಎಷ್ಟು ಅಣುಗಳು ಹೊರಬಂದವೆಂದು ನೇರವಾಗಿ ಲೆಕ್ಕ ಹಾಕಬಹುದು.

ಆವೇಗದ ಲಯ ಮತ್ತು ಪೆಪ್ಟೈಡ್‌ಗಳ ಬಿಡುಗಡೆ

ಕೆಟೆಕೋಲಮೈನ್ ಮತ್ತು ಪೆಪ್ಟೈಡ್ ಒಂದೇ ಕಣದಲ್ಲಿದ್ದರೂ ಎರಡೂ ಯಾವಾಗಲೂ ಒಂದೇ ಪ್ರಮಾಣದಲ್ಲಿ ಹೊರಬರುವುದಿಲ್ಲ. 1980ರ ದಶಕದಲ್ಲಿ ಕೇಂಬ್ರಿಜ್‌ನ ಎ. ವಿ. ಎಡ್ವರ್ಡ್ಸ್ ಮತ್ತು ಸಂಗಡಿಗರು ಎಚ್ಚರವಿರುವ ಕರುಗಳಲ್ಲಿ ಸ್ಪ್ಲಾಂಕ್ನಿಕ್ ನರವನ್ನು ಎರಡು ರೀತಿ ಪ್ರಚೋದಿಸಿ ಅಡ್ರಿನಲ್ ಸಿರೆಯ ರಕ್ತವನ್ನು ಪರೀಕ್ಷಿಸಿದರು. ಒಂದು ರೀತಿಯಲ್ಲಿ ಸೆಕೆಂಡಿಗೆ 4 ಆವೇಗಗಳು ಎಡೆಬಿಡದೆ. ಇನ್ನೊಂದರಲ್ಲಿ ಪ್ರತಿ 10 ಸೆಕೆಂಡಿಗೊಮ್ಮೆ ಒಂದು ಸೆಕೆಂಡಿನ ಅವಧಿಗೆ 40 ಆವೇಗಗಳು. ಎರಡರಲ್ಲೂ ಒಟ್ಟು ಆವೇಗಗಳ ಸಂಖ್ಯೆ ಒಂದೇ. ಆದರೂ ಗುಂಪುಗುಂಪಾಗಿ ಬಂದ ಆವೇಗಗಳು ಎನ್‌ಕೆಫಾಲಿನ್‌ನಂಥ ಪೆಪ್ಟೈಡ್‌ಗಳನ್ನು ಹೆಚ್ಚಾಗಿ ಹೊರತಂದವು. ಅಡ್ರಿನಲ್ ಶರೀರಕ್ರಿಯೆಯಲ್ಲಿ ಇದಕ್ಕಿಂತ ಸರಳವೂ ತೀಕ್ಷ್ಣವೂ ಆದ ಪ್ರಯೋಗಗಳು ವಿರಳ.

ಇದರ ಕೋಶಮಟ್ಟದ ವಿವರಣೆ ಮುಂದಿನ ಎರಡು ದಶಕಗಳಲ್ಲಿ ದೊರೆಯಿತು. ಆವೇಗಗಳು ವಿರಳವಾಗಿದ್ದಾಗ ಕಣವು ಪೊರೆಯನ್ನು ತಾಗಿ ಕಿರುರಂಧ್ರವನ್ನಷ್ಟೇ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಸಣ್ಣ ಅಣುಗಳಾದ ಕೆಟೆಕೋಲಮೈನ್‌ಗಳು ಸೋರಿಹೋಗುತ್ತವೆ. ಕಣದ ಗಟ್ಟಿ ಉಂಡೆಯಲ್ಲಿ ಸೇರಿಕೊಂಡ ಪೆಪ್ಟೈಡ್‌ಗಳೂ ಕ್ರೋಮೊಗ್ರಾನಿನ್‌ಗಳೂ ಜರಡಿಯಲ್ಲಿ ಉಳಿದ ಕಾಳಿನಂತೆ ಒಳಗೇ ಉಳಿಯುತ್ತವೆ. ಆವೇಗಗಳು ದಟ್ಟವಾದಾಗ ಕೋಶದೊಳಗಿನ ಕ್ಯಾಲ್ಸಿಯಂ ಏರಿ, ರಂಧ್ರ ಹಿಗ್ಗಿ, ಕಣವು ಪೊರೆಯಲ್ಲಿ ಪೂರ್ತಿ ಲೀನವಾಗಿ, ಒಳಗಿರುವುದೆಲ್ಲ ಹೊರಗೆ ಬರುತ್ತದೆ. 2005ರಲ್ಲಿ ಇಲಿಯ ಕ್ರೋಮಾಫಿನ್ ಕೋಶಗಳ ಮೇಲಿನ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ನರದ ತುದಿಯಿಂದ ಪಾಕಾಪ್ ಹೆಚ್ಚಾಗಿ ಬಿಡುಗಡೆಯಾಗುವುದೂ ದಟ್ಟ ಆವೇಗಗಳಲ್ಲಿಯೇ. ಹೀಗೆ ವಿಶ್ರಾಂತಿಯ ಹೊತ್ತಿನಲ್ಲಿ ಕೆಟೆಕೋಲಮೈನ್‌ಗಳು ಮಾತ್ರ, ತೀವ್ರ ಒತ್ತಡದಲ್ಲಿ ಕೆಟೆಕೋಲಮೈನ್ ಜೊತೆಗೆ ಪೆಪ್ಟೈಡ್‌ಗಳು ಎಂಬ ವ್ಯವಸ್ಥೆ ಏರ್ಪಟ್ಟಿದೆ.

ಹೊರಬಂದ ಪೆಪ್ಟೈಡ್‌ಗಳ ಕೆಲಸಗಳು ಹಲವು. ನ್ಯೂರೊಪೆಪ್ಟೈಡ್ ವೈ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಕ್ರೋಮೊಗ್ರಾನಿನ್ ಎ ತುಂಡಾಗಿ ಸಿಗುವ ಕೆಟೆಸ್ಟಾಟಿನ್ ನಿಕೋಟಿನಿಕ್ ಗ್ರಾಹಿಯನ್ನೇ ತಡೆದು ಸ್ರವಿಕೆಯನ್ನು ಹತೋಟಿಯಲ್ಲಿಡುತ್ತದೆ. ಇದನ್ನು 1997ರಲ್ಲಿ ಸುಶೀಲ್ ಮಹಾತಾ ಮತ್ತು ಸಹೋದ್ಯೋಗಿಗಳು ಕ್ಯಾಲಿಫೋರ್ನಿಯದಲ್ಲಿ ಗುರುತಿಸಿದರು. ಅಡ್ರಿನೊಮೆಡುಲಿನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ. 1993ರಲ್ಲಿ ಜಪಾನಿನಲ್ಲಿ ಅದು ಮೊದಲು ಸಿಕ್ಕಿದ್ದು ತಿರುಳಿನ ಗಡ್ಡೆಯೊಂದರಲ್ಲಿ.

ದೀರ್ಘಕಾಲದ ಹೊಂದಾಣಿಕೆ

ಒತ್ತಡ ದಿನಗಟ್ಟಲೆ ಮುಂದುವರಿದರೆ ನರವು ತಯಾರಿಕೆಯನ್ನೂ ಹೆಚ್ಚಿಸುತ್ತದೆ. 1969ರಲ್ಲಿ ಥೋನೆನ್, ಮ್ಯೂಲರ್ ಮತ್ತು ಆಕ್ಸೆಲ್‌ರಾಡ್ ಎಂಬ ಸಂಶೋಧಕರು ಇಲಿಗಳಿಗೆ ರಿಸರ್ಪಿನ್ ಕೊಟ್ಟಾಗ ಅಡ್ರಿನಲ್‌ನಲ್ಲಿ ಟೈರೋಸಿನ್ ಹೈಡ್ರಾಕ್ಸಿಲೇಸ್ ಹೆಚ್ಚುವುದನ್ನೂ ಗ್ರಂಥಿಗೆ ಹೋಗುವ ನರವನ್ನು ಮೊದಲೇ ಕತ್ತರಿಸಿದ್ದರೆ ಹೆಚ್ಚದಿರುವುದನ್ನೂ ಕಂಡರು. ರಿಸರ್ಪಿನ್ ನಮ್ಮ ಕಾಡುಗಳ ಸರ್ಪಗಂಧಿಯ ಬೇರಿನಲ್ಲಿರುವ ವಸ್ತು. ಕೆಟೆಕೋಲಮೈನ್‌ಗಳನ್ನು ಕಣದೊಳಕ್ಕೆ ಸಾಗಿಸುವ ಪ್ರೋಟೀನನ್ನು ಅದು ತಡೆಯುವುದರಿಂದ, ಕೊರತೆ ನೀಗಲು ನರದ ಆವೇಗಗಳು ಹೆಚ್ಚುತ್ತವೆ. ಸರ್ಪಗಂಧಿಯಿಂದ ರಕ್ತದೊತ್ತಡ ಇಳಿಯುವುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ನಿಯತಕಾಲಿಕೆಯಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಿಸರ್ಪಿನ್ ಬೇರ್ಪಟ್ಟಿತು.

ತೊಗಟೆಯ ಮೇಲೆ ನರಗಳ ಪ್ರಭಾವ

ಕಾರ್ಟಿಸಾಲ್ ಸ್ರವಿಕೆಯನ್ನು ಮುಖ್ಯವಾಗಿ ಪಿಟ್ಯುಟರಿಯ ಎಸಿಟಿಎಚ್ ನಿಯಂತ್ರಿಸುತ್ತದೆ. ಆದರೆ ಸ್ಪ್ಲಾಂಕ್ನಿಕ್ ನರದ ಪ್ರಚೋದನೆಯಿಂದ ತೊಗಟೆ ಎಸಿಟಿಎಚ್‌ಗೆ ಇನ್ನಷ್ಟು ಚುರುಕಾಗಿ ಪ್ರತಿಕ್ರಿಯಿಸುತ್ತದೆ.

ಜನನದ ವೇಳೆ

ಗರ್ಭದಲ್ಲಿ ನರಸಂಪರ್ಕ ಪೂರ್ಣವಾಗುವ ಮೊದಲೇ ಕ್ರೋಮಾಫಿನ್ ಕೋಶಗಳು ಆಮ್ಲಜನಕದ ಕೊರತೆಯನ್ನು ತಾವೇ ಗ್ರಹಿಸಿ ಸ್ರವಿಸಬಲ್ಲವು. ಕುರಿಯ ಭ್ರೂಣ ಮತ್ತು ಎಳೆಯ ಇಲಿಮರಿಗಳಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ನರದ ಹಿಡಿತ ಬಲಗೊಂಡಂತೆ ಈ ಸ್ವಂತ ಶಕ್ತಿ ಕುಂದುತ್ತದೆ. ಸಹಜ ಹೆರಿಗೆಯಲ್ಲಿ ಮಗುವಿನ ರಕ್ತದಲ್ಲಿ ಕೆಟೆಕೋಲಮೈನ್‌ಗಳು ಬಹಳ ಎತ್ತರಕ್ಕೇರುತ್ತವೆ. ಶ್ವಾಸಕೋಶದ ದ್ರವ ಹೀರಿಹೋಗಿ ಮೊದಲ ಉಸಿರಾಟ ಸುಗಮವಾಗುವುದಕ್ಕೆ ಈ ಏರಿಕೆ ನೆರವಾಗುತ್ತದೆ.

ರೋಗ, ವಿಷ ಮತ್ತು ಚಿಕಿತ್ಸೆ

ಕ್ರೋಮಾಫಿನ್ ಕೋಶಗಳ ಗಡ್ಡೆಗೆ ಫಿಯೊಕ್ರೋಮೊಸೈಟೋಮ ಎಂದು ಹೆಸರು. ಅದು ನರದ ಆಜ್ಞೆಗೆ ಕಾಯದೆ ಸ್ರವಿಸುತ್ತದೆ. ತಲೆನೋವು, ಬೆವರು, ಎದೆಬಡಿತ, ರಕ್ತದೊತ್ತಡದ ಏರಿಕೆ ಇದರ ಲಕ್ಷಣಗಳು. ಕಣದಿಂದ ಸೋರಿದ ಕೆಟೆಕೋಲಮೈನ್‌ಗಳು ಕೋಶದೊಳಗೇ ಮೆಟನೆಫ್ರಿನ್‌ಗಳಾಗಿ ಮಾರ್ಪಡುತ್ತವೆ. ಆದ್ದರಿಂದ ರಕ್ತದಲ್ಲಿ ಅಥವಾ ಮೂತ್ರದಲ್ಲಿ ಅವುಗಳನ್ನು ಅಳೆಯುವುದು ಇಂದಿನ ಮುಖ್ಯ ತಪಾಸಣೆ. ಶಸ್ತ್ರಚಿಕಿತ್ಸೆಗೆ ಮೊದಲು, ರಕ್ತನಾಳಗಳಲ್ಲಿ ಕೆಟೆಕೋಲಮೈನ್‌ಗಳು ಅಂಟಿಕೊಳ್ಳುವ ಆಲ್ಫಾ ಗ್ರಾಹಿಗಳನ್ನು ತಡೆಯುವ ಔಷಧ ಕೊಡುವುದು ವಾಡಿಕೆ.

ಇನ್ಸುಲಿನ್ ಪಡೆಯುವ ಮಧುಮೇಹಿಗಳಲ್ಲಿ ಸಕ್ಕರೆ ಮತ್ತೆ ಮತ್ತೆ ಕುಸಿಯುತ್ತಿದ್ದರೆ ಅಡ್ರಿನಲಿನ್ ಪ್ರತಿಕ್ರಿಯೆ ಮಂಕಾಗುತ್ತದೆ. ಆಗ ನಡುಕ, ಬೆವರು, ಎದೆಬಡಿತದಂಥ ಮುನ್ಸೂಚನೆಗಳು ಕಾಣದೆ ರೋಗಿ ಒಮ್ಮೆಲೇ ಪ್ರಜ್ಞೆ ತಪ್ಪಬಹುದು. ಬೀಡಿ, ಸಿಗರೇಟಿನ ನಿಕೋಟಿನ್ ತಿರುಳಿನ ಗ್ರಾಹಿಗಳನ್ನು ನೇರವಾಗಿ ಕೆರಳಿಸುತ್ತದೆ. ಆರ್ಗ್ಯಾನೋಫಾಸ್ಫರಸ್ ಕೀಟನಾಶಕಗಳು ಅಸಿಟೈಲ್‌ಕೋಲೀನನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ. ಈ ವಿಷ ಸೇವಿಸಿದ ಕೆಲವರಲ್ಲಿ ಆರಂಭದಲ್ಲಿ ರಕ್ತದೊತ್ತಡವೂ ರಕ್ತದ ಸಕ್ಕರೆಯೂ ಏರುವುದಕ್ಕೆ ಅಡ್ರಿನಲ್ ತಿರುಳಿನ ಅತಿ ಪ್ರಚೋದನೆ ಒಂದು ಕಾರಣ.

ಕರ್ನಾಟಕ, ಮಹಾರಾಷ್ಟ್ರ ಮತ್ತು ಸುತ್ತಲಿನ ರಾಜ್ಯಗಳ ಕೆಂಪು ಚೇಳಿನ ವಿಷ ನರತಂತುಗಳ ಸೋಡಿಯಂ ದ್ವಾರಗಳನ್ನು ಮುಚ್ಚಲು ಬಿಡುವುದಿಲ್ಲ. ನರದ ತುದಿಗಳಿಂದಲೂ ಅಡ್ರಿನಲ್ ತಿರುಳಿನಿಂದಲೂ ಕೆಟೆಕೋಲಮೈನ್‌ಗಳು ಹೊಳೆಯಾಗಿ ಹರಿಯುತ್ತವೆ. ಕೈಕಾಲು ತಣ್ಣಗಾಗಿ, ಬೆವರಿ, ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬಿ ಮಕ್ಕಳು ಸಾಯುತ್ತಿದ್ದರು. ಮಹಾರಾಷ್ಟ್ರದ ಮಹಾಡ್ ಊರಿನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೊಸಿನ್ ಎಂಬ ಆಲ್ಫಾ ತಡೆ ಔಷಧವನ್ನು ಬಳಸಿ ಈ ಸಾವುಗಳನ್ನು ಬಹಳವಾಗಿ ತಗ್ಗಿಸಿದರು. ಸಣ್ಣ ಊರೊಂದರ ಚಿಕಿತ್ಸಾಲಯದಿಂದ ಬಂದ ಈ ಕೆಲಸ ಗ್ರಾಮೀಣ ವೈದ್ಯಕೀಯಕ್ಕೆ ದೊರೆತ ದೊಡ್ಡ ಕೊಡುಗೆ.

ಇಂದಿನ ಸ್ಥಿತಿ

ಸಂಶೋಧನೆಗೆ ಹಸು ಮತ್ತು ಇಲಿಗಳ ಕ್ರೋಮಾಫಿನ್ ಕೋಶಗಳೂ 1976ರಲ್ಲಿ ಇಲಿಯ ಗಡ್ಡೆಯಿಂದ ಬೆಳೆಸಿದ ಪಿಸಿ12 ಕೋಶಗಳೂ ಹೆಚ್ಚಾಗಿ ಬಳಕೆಯಾಗುತ್ತಿವೆ. ನರಕೋಶಗಳ ಸ್ರವಿಕೆ ಕಣ್ಣಿಗೆ ಸಿಗದಷ್ಟು ಕ್ಷಿಪ್ರ ಮತ್ತು ಸೂಕ್ಷ್ಮವಾದುದರಿಂದ ಕ್ರೋಮಾಫಿನ್ ಕೋಶ ಅದಕ್ಕೆ ಬದಲಿ ಮಾದರಿಯಾಗಿ ನೆಲೆನಿಂತಿದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇಲಿಯ ಹಿಂಗಾಲಿಗೆ ಮೆಲುವಾದ ವಿದ್ಯುತ್ ಪ್ರಚೋದನೆ ಕೊಟ್ಟಾಗ ವೇಗಸ್ ನರ ಮತ್ತು ಅಡ್ರಿನಲ್ ಮಾರ್ಗದ ಮೂಲಕ ಉರಿಯೂತ ತಗ್ಗುವುದನ್ನು ತೋರಿಸಿ, ಗ್ರಂಥಿಯನ್ನು ನರಗಳ ಮೂಲಕ ಚಿಕಿತ್ಸೆಗೆ ಬಳಸುವ ಸಾಧ್ಯತೆಯನ್ನು ಮುಂದಿಟ್ಟಿದೆ.

ಎರಡೂ ಅಡ್ರಿನಲ್ ಗ್ರಂಥಿಗಳನ್ನು ತೆಗೆಯಬೇಕಾಗಿ ಬಂದ ರೋಗಿಗಳಿಗೆ ತೊಗಟೆಯ ಹಾರ್ಮೋನುಗಳನ್ನು ಜೀವಮಾನವಿಡೀ ಔಷಧರೂಪದಲ್ಲಿ ಕೊಡಬೇಕು. ತಿರುಳಿನ ಹಾರ್ಮೋನುಗಳನ್ನು ಕೊಡುವ ಅಗತ್ಯವಿಲ್ಲ. ಉಳಿದ ಅನುವೇದನಾ ನರಗಳು ಬಿಡುವ ನಾರ್‌ಅಡ್ರಿನಲಿನ್ ಅವರ ದೈನಂದಿನ ರಕ್ತದೊತ್ತಡವನ್ನು ಕಾಯುತ್ತದೆ.